ಕಾಶವ್ವನ ಕೊನೆಯ ರೀಲು

ಏಪ್ರಿಲ್ 11, ಶುಕ್ರವಾರ

ನಮ್ಮ ಅಂಗಡಿಯ ಎದುರಿನ ಗೋಡೆಗೆ ಇವತ್ತು ಬೆಳಿಗ್ಗೆ ಒಂದು ಅನ್ಯಾಯವನ್ನು ಅಂಟಿಸಿ ಹೋಗಿದ್ದಾರೆ. ಆಳೆತ್ತರದ ಪೋಸ್ಟರು. ಕೂದಲು ಹರಡಿಕೊಂಡ ಒಬ್ಬ ಹೆಣ್ಣುಮಗಳು. ಆ ಕೂದಲನ್ನು ಬ್ಯೂಟಿ ಪಾರ್ಲರಿನವರು ಹರಡಿದ್ದು ಎಂದು ದೂರದಿಂದಲೇ ಗೊತ್ತಾಗುತ್ತದೆ. ಮೇಲೆ ಮರಾಠಿಯಲ್ಲಿ ‘ಕಾಶೀ ರಿಟರ್ನ್ಸ್’. ಕೆಳಗೆ ಸಣ್ಣ ಅಕ್ಷರದಲ್ಲಿ, ಗಾಜಿನ ಅಂಗಡಿಯವರು ‘ಒಡೆದರೆ ಹೊಣೆಯಲ್ಲ’ ಎಂದು ಬರೆಯುವಷ್ಟು ಸಣ್ಣದಾಗಿ: ಪ್ರಸಿದ್ಧ ಕನ್ನಡ ಚಿತ್ರದ ರಿಮೇಕ್.

ಪ್ರಸಿದ್ಧ ಕನ್ನಡ ಚಿತ್ರವಂತೆ! ಹೆಸರು ಹೇಳಲು ಬಾಯಿಗೇನಾಗಿತ್ತು? ಅದರ ಹೆಸರು ‘ಒಂಟಿ ಹುಣಸೆಯ ಕಾಶವ್ವ’.

ಮರಾಠಿಯ ಮೇಲೆ ನನಗೆ ಸಿಟ್ಟಿಲ್ಲ. ನಾನು ಚಾದರ ಮಾರುವುದು ಮರಾಠಿಯಲ್ಲಿ, ಮಗನ ಜೊತೆ ಜಗಳವಾಡುವುದು ಅರ್ಧ ಮರಾಠಿಯಲ್ಲಿ. ಆದರೆ ದೆವ್ವಕ್ಕೆ ಹೆದರುವುದು ಮಾತ್ರ ಪೂರ್ತಿ ಕನ್ನಡದಲ್ಲಿ. ಅದೊಂದನ್ನಾದರೂ ಬಿಟ್ಟಿರಬಹುದಿತ್ತು.

ಆ ಚಿತ್ರ ನಾನು ನೋಡಿದ್ದು ಕರಜಗಿಯಲ್ಲಿ, ಕಲ್ಲಣ್ಣನವರ ತಂಬುವಿನಲ್ಲಿ. ಕಲ್ಲಣ್ಣ ರೈತರು. ಜೋಳದ ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಅಲ್ಲಿಯೇ ತಂಬು ಹೊಡೆದು ಬೇಸಿಗೆಯೆಲ್ಲ ಸಿನಿಮಾ ತೋರಿಸುತ್ತಿದ್ದರು; ಕರಜಗಿಯ ನಂತರ ಮಂದ್ರೂಪ, ಭಂಡಾರಕವಠೆ. ನಮ್ಮ ತಂದೆಯ ಜೊತೆ ಸಂತೆಗೆ ಚಾದರ ಮಾರಲು ಹೋಗಿದ್ದ ನಾನು ಮೊದಲ ದಿನದ ಆಟಕ್ಕೇ ನುಗ್ಗಿ, ಕಾಶವ್ವನಿಗೆ ಹೆದರಿ, ಟಿಕೀಟು ಹರಿಯುತ್ತಿದ್ದ ಹುಡುಗಿಯ ಎದುರೇ ಅರ್ಧಕ್ಕೆ ಎದ್ದು ಓಡಿದ್ದೆ. ಆ ಹುಡುಗಿ ಕಲ್ಲಣ್ಣನವರ ಮಗಳು ಸುಮಿತ್ರಾ. ನಕ್ಕಳು. ಮುಂದಿನ ಸಂತೆಗೆ ಹೋದಾಗ ಮಾನ ಉಳಿಸಿಕೊಳ್ಳಲು ಪೂರ್ತಿ ನೋಡಿದೆ. ಈಗ ಅದೇ ಸುಮಿತ್ರಾ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ.

ಕಥೆ ಹೀಗೆ. ಕಾಶವ್ವನನ್ನು ಗಂಡನ ಮನೆಯವರು ಬಾವಿಗೆ ನೂಕುತ್ತಾರೆ. ಅವಳು ದೆವ್ವವಾಗಿ ಊರ ಹೊರಗಿನ ಒಂಟಿ ಹುಣಸೆಮರ ಸೇರಿ ಅವರ ನಿದ್ದೆ ಕೆಡಿಸುತ್ತಾಳೆ. ಕೊನೆಗೊಂದು ಬೆಳಗಿನ ಜಾವ ಮರದಿಂದ ಇಳಿದು, ಹೊಲದ ಬದುವಿನ ಮೇಲೆ ನಡೆದು ತವರಿಗೆ ಬರುತ್ತಾಳೆ. ಅವ್ವ ಬಾಗಿಲು ತೆಗೆಯುತ್ತಾಳೆ. ಯಾಕೆ ಬಂದೆ ಅನ್ನುವುದಿಲ್ಲ, ಎಂದು ಹೋಗುತ್ತೀ ಅನ್ನುವುದಿಲ್ಲ. ತಂಬಿಗೆ ತುಂಬ ಮಜ್ಜಿಗೆ ಕೊಡುತ್ತಾಳೆ, ಕೌದಿ ಹಾಸುತ್ತಾಳೆ. ಕಾಶವ್ವ ಮಲಗುತ್ತಾಳೆ. ತೆರೆಯ ಮೇಲೆ ‘ಶುಭಂ’. ತಂಬುವಿನಲ್ಲಿ ಹೆಂಗಸರು ಅತ್ತರು. ಗಂಡಸರು ಬೀಡಿ ಹಚ್ಚುವುದನ್ನು ಮರೆತು ಕುಳಿತರು. ಯಾವ ದೇಶದ ದೆವ್ವಕ್ಕೆ ಇಂಥ ಅಂತ್ಯ ಸಿಕ್ಕಿದೆ? ತವರು ಸೇರಿ ಮಲಗಿದವಳು ರಿಟರ್ನ್ ಆಗುವುದೆಲ್ಲಿಗೆ? ಎಬ್ಬಿಸಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಇನ್ನೊಂದು ವಿಷಯ. ಮಗಳು ಪ್ರಾಜಕ್ತಾ ಯುಗಾದಿಯ ಬೆಳಿಗ್ಗೆ ಒಂದೇ ಚೀಲ ಹಿಡಿದು ಬಂದವಳು ಇನ್ನೂ ಹೋಗಿಲ್ಲ. ಗಂಡನ ಮನೆಯಿರುವ ಅಕ್ಕಲಕೋಟೆ ಏನು ಪರದೇಶವೇ? ಬಸ್ಸಿನಲ್ಲಿ ಕುಳಿತು ಶೇಂಗಾ ಸುಲಿಯುವಷ್ಟರಲ್ಲಿ ಬರುತ್ತದೆ. ಮದುವೆಯಾಗಿ ವರ್ಷ ತುಂಬಿಲ್ಲ. ಹೀಗೆ ತವರಿನಲ್ಲಿ ಕುಳಿತರೆ ಬೀಗರು ಏನೆಂದಾರು? ಕೇಳಿದರೆ ತಲೆನೋವು ಅನ್ನುತ್ತಾಳೆ. ಯುಗಾದಿಗೆ ಬೇವು-ಬೆಲ್ಲ ಕೊಟ್ಟರೆ ಬೇವಿನ ಎಸಳು ನೋಡಿ ತಟ್ಟೆಯನ್ನೇ ದೂಡಿದಳು. ಈಗಿನ ಮಕ್ಕಳಿಗೆ ಬರೀ ಬೆಲ್ಲ ಬೇಕು. ಬೇಗ ಉಡಿ ತುಂಬಿ ಕಳಿಸು ಎಂದು ಸುಮಿತ್ರಾಗೆ ಹೇಳಿದೆ.

“ಇವತ್ತ ಶುಕ್ರವಾರ ಅಲ್ರೀ? ಶುಕ್ರವಾರ ಮನಿಮಗಳನ್ನ ಯಾರರೆ ಕಳಸ್ತಾರೇನು?” ಎಂದಳು.

ಸರಿ, ನಾಳೆ ನೋಡೋಣ.

ಈ ದಿನಚರಿ ಭದ್ರವಾಗಿದೆ. ಮಗ ಸೋಮೇಶನಿಗೂ ಮಗಳಿಗೂ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸುಮಿತ್ರಾ ಓದಬಲ್ಲಳು, ಆದರೆ ನಾನು ಬರೆದದ್ದರಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇರಲಾರದು ಎಂಬ ನಂಬಿಕೆ ಅವಳದು.

ಏಪ್ರಿಲ್ 13, ರವಿವಾರ

ನೋಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದೆ. ನೋಡದೆ ಬೈಯುವುದು ಧರ್ಮವಲ್ಲ ಎಂದು ಸೋಮೇಶ ಅಂದ. ಸೊಲ್ಲಾಪುರದ ಈ ಬಿಸಿಲಿನಲ್ಲಿ ಧರ್ಮ ಇದ್ದ ಕಡೆಯೇ ಎಸಿಯೂ ಇದ್ದದ್ದರಿಂದ ಮನೆಮಂದಿಯೆಲ್ಲ ಹೋದೆವು.

ಹುಣಸೆಮರದ ಬದಲು ಆಲದಮರ. ಹುಣಸೆಮರಕ್ಕೆ ಬಿಡುವಿರಲಿಲ್ಲವೋ ಏನೋ. ಹಳೆಯ ಕಾಶವ್ವ ಬರುವ ಮೊದಲು ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ನಾವು ನಮ್ಮ ನಮ್ಮ ಹೆಂಗಸರ ಕೈ ನೋಡಿಕೊಳ್ಳುತ್ತಿದ್ದೆವು. ಹೊಸ ಕಾಶೀ ಬರುವ ಮೊದಲು ಬ್ಯಾಂಡ್ ಸೆಟ್ಟೇ ಬರುತ್ತದೆ. ಬಂದ ಮೇಲೆ ಹಲ್ಲಿಯ ಹಾಗೆ ಗೋಡೆ ಹತ್ತುತ್ತಾಳೆ. ಸಂಸಾರಸ್ಥರ ಮನೆಯ ಸೊಸೆ ಗೋಡೆ ಹತ್ತುತ್ತಾಳೆಯೇ? ಪಕ್ಕದವನು ಇಷ್ಟೆಲ್ಲ ಆಗುವಾಗಲೂ ಪಾಪ್‌ಕಾರ್ನ್ ತಿನ್ನುತ್ತಲೇ ಇದ್ದ. ತಂಬುವಿನಲ್ಲಿ ಯಾರಾದರೂ ಏನನ್ನಾದರೂ ತಿಂದದ್ದು ನನಗೆ ನೆನಪಿಲ್ಲ.

ಇದೆಲ್ಲವನ್ನೂ ಕ್ಷಮಿಸುತ್ತಿದ್ದೆ. ಆದರೆ ಅಂತ್ಯ! ಕಾಶೀ ತವರಿಗೆ ಬಂದಳು. ಅವ್ವ ಮಜ್ಜಿಗೆ ಕೊಟ್ಟಳು, ಲೋಟದಲ್ಲಿ, ಇರಲಿ. ಮಲಗಿದಳು. ಹೋಗಲಿ, ಇಷ್ಟಾದರೂ ಉಳಿಸಿದರಲ್ಲ ಎಂದು ನಾನು ಚಪ್ಪಾಳೆಗೆ ಕೈ ಎತ್ತಿದರೆ ಚಿತ್ರ ಮುಂದೆ ಓಡಿತು. ಗಂಡ ಒಬ್ಬ ಮಂತ್ರವಾದಿಯನ್ನು ಕರೆದುಕೊಂಡು ಅತ್ತೆಯ ಮನೆಗೆ ಬಂದ. ಮಲಗಿದವಳನ್ನು ಕೂದಲು ಹಿಡಿದು ಎಳೆದರು. ಬೇವಿನ ಟೊಂಗೆಯಿಂದ ಬಡಿದರು. ಮರಕ್ಕೆ ಮೊಳೆ ಹೊಡೆದು ಅವಳನ್ನು ಅದರಲ್ಲಿ ಬಂಧಿಸಿದರು. ಗಂಡನ ಮನೆಯಲ್ಲಿ ದೀಪ ಹಚ್ಚಿ ಎರಡನೆಯ ಮದುವೆಗೆ ಚಪ್ಪರ ಹಾಕಿದರು. ಸುಖಾಂತ್ಯವಂತೆ.

ನಾನು ಎದ್ದು ನಿಂತು ಕೂಗಿದೆ: “ಇದು ಮೂಲದಾಗ ಇಲ್ಲ! ಖೊಟ್ಟಿ ಐತಿ ಇದು!”

“ಅಹೋ ಕಾಕಾ, ಬಸಾ ಖಾಲೀ!” ಎಂದು ಹಿಂದಿನ ಸಾಲಿನವರು ಮರಾಠಿಯಲ್ಲಿ ಕೂರಿಸಿದರು.

ಆದರೆ ಒಂದು ಸಮಾಧಾನ. ಬೇವಿನ ಟೊಂಗೆಯ ಮೊದಲ ಏಟಿಗೇ ಪ್ರಾಜಕ್ತಾ ಬಾಯಿಗೆ ಕೈ ಒತ್ತಿಕೊಂಡು ಎದ್ದು ಹೊರಗೆ ಹೋದಳು. ಇಡೀ ಥಿಯೇಟರಿನಲ್ಲಿ ಪ್ರತಿಭಟಿಸಿ ಹೊರನಡೆದ ಪ್ರೇಕ್ಷಕಿ ಅವಳೊಬ್ಬಳೇ. ನನ್ನ ಮಗಳು! ಹೊರಗೆ ಬಂದಾಗ ಮೆಟ್ಟಿಲ ಮೇಲೆ ಕುಳಿತು ನಡುಗುತ್ತಿದ್ದಳು. ಎಸಿ ಅವಳಿಗೆ ಮೊದಲಿನಿಂದಲೂ ಆಗದು.

“ಎಂಥಾ ಕೆಟ್ಟ ರಿಮೇಕ್, ಅಲ್ಲೇನವಾ?” ಎಂದೆ.

“ಹೌದ್ರಿ ಅಪ್ಪಾ” ಎಂದಳು.

ಸುಮಿತ್ರಾ ಅವಳ ಹೆಗಲಿಗೆ ತನ್ನ ಸೆರಗು ಹೊದಿಸಿ, ಬಟ್ಟೆಯನ್ನು ಮೊಳ ತಪ್ಪಿ ಅಳೆದವನನ್ನು ನೋಡಿದಂತೆ ನನ್ನನ್ನು ನೋಡಿದಳು. ನಾನೇನು ಮಾಡಿದೆ?

ಏಪ್ರಿಲ್ 15, ಮಂಗಳವಾರ

ಇಡೀ ದಿನ ಪೇಟೆಯಲ್ಲಿ ಜನಾಭಿಪ್ರಾಯ ಸಂಗ್ರಹಿಸಿದೆ. ಈ ಜನರ ಮತದಿಂದ ಸರಕಾರಗಳು ಬರುತ್ತವೆ ಎಂದು ನೆನೆದರೆ ಈಗ ನಿಜವಾದ ಹೆದರಿಕೆ ಆಗುತ್ತದೆ.

ಚಹಾದವನು, ಮೊದಲರ್ಧದಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ, ಎರಡನೆಯ ಅರ್ಧದಲ್ಲಿ ನಿದ್ದೆ ಹತ್ತಿತು, ಒಟ್ಟಿನಲ್ಲಿ ಪಿಕ್ಚರ್ ಚಲೋ ಇದೆ ಎಂದ. ಪಕ್ಕದ ಸೀರೆ ಅಂಗಡಿಯ ರೂಪಾಲಿಯನ್ನು ಕೇಳಿದೆ.

“ಕಾಕಾ, ಹಳೇದು ನಾ ನೋಡಿಲ್ಲ. ಆದ್ರ ಇದು ಅದಕಿಂತ ಏಕದಮ್ ಭಾರಿ ಐತಿ.”

“ನೋಡದ ಹ್ಯಾಂಗ ಹೇಳ್ತೀ?”

“ಹಳೇದ ಅಂದಮ್ಯಾಲ ಸ್ಲೋನ ಇರ್ತದಲ್ರಿ!”

ಸೋಮೇಶ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದಾನಂತೆ, ಫೋನಿನಲ್ಲಿ. ನೀವು ಎಷ್ಟು ಕೊಡುತ್ತೀರಿ ಎಂದು ಕೇಳಿದ. ನಕ್ಷತ್ರ ಕೊಡುವುದಿಲ್ಲ, ಗ್ರಹಣ ಕೊಡುತ್ತೇನೆ ಎಂದೆ.

ಇದಕ್ಕೆಲ್ಲ ಕಳಸವಿಟ್ಟವನು ಇಂಡಿ ಊರಿನ ಗಿರಾಕಿ ಮೈಲಾರಲಿಂಗ. ಚಾದರ ಆರಿಸುತ್ತ ಕುಳಿತವನು, “ಸಾವಕಾರ್ರ, ಮಂತ್ರವಾದಿ ಹೊಸದಲ್ರಿ. ಮೊದಲಿಂದ್ರಾಗೂ ಇದ್ದ. ನಾ ವಿಜಾಪುರದ ಟಾಕೀಜನಾಗ ನೋಡೀನಿ” ಎಂದ.

“ನಿಮಗ ಬ್ಯಾರೆ ಪಿಕ್ಚರ್ ತೋರಸ್ಯಾರ.”

“ಕಾಶವ್ವನ್ನ ಗಿಡಕ್ಕ ಮೊಳಿ ಹೊಡೀತಾರಲ್ರಿ, ಅದ ಅಲ್ಲೇನು?”

“ನನ್ನ ಮಾವನ ತಂಬುನಾಗ ನೋಡೀನ್ರಿ ನಾ! ನನಗ ಹೇಳ್ತೀರಿ?”

ಮಾತು ಬೆಳೆಯಿತು. ಅವನು ಚಾದರ ಅಲ್ಲಿಯೇ ಬಿಟ್ಟು ಎದ್ದು ಹೋದ. ಹೋಗಲಿ. ಸುಳ್ಳು ಹೇಳುವವರಿಗೆ ನಮ್ಮ ಚಾದರ ಬೆಚ್ಚಗಾಗುವುದಿಲ್ಲ.

ಏಪ್ರಿಲ್ 17, ಗುರುವಾರ

ಅಕ್ಕಲಕೋಟೆಯಿಂದ ಬೀಗರು ಧರೆಪ್ಪನವರ ಫೋನು. “ಸಾವಕಾರ್ರ, ಸೊಸಿ ಯಾವಾಗ ಬರ್ತಾಳ್ರಿ? ಮನಿ ಬಣಾ ಬಣಾ ಅಂತೈತಿ.” ಎಷ್ಟು ಮರ್ಯಾದೆಯ ಮಾತು! ಶನಿವಾರ ಕಳಿಸುತ್ತೇನೆ ಎಂದೆ.

ಶನಿವಾರ ಕಳಿಸಿದರೆ ಶನಿ ಬೆನ್ನು ಹತ್ತುತ್ತಾನೆ ಎಂದಳು ಸುಮಿತ್ರಾ. ರವಿವಾರ? ಅಷ್ಟಮಿ. ಸೋಮವಾರ ಅವಳ ಉಪವಾಸ. ಮಂಗಳವಾರ ಕೇಳುವುದೇ ಬೇಡ. ಬುಧವಾರ ಹೋದ ಮಗಳು ಸುಖ ಕಾಣುವುದಿಲ್ಲ. ಗುರುವಾರ ಗುರುವಿನ ವಾರ. ಸುಮಿತ್ರಾಳ ಪಂಚಾಂಗದಲ್ಲಿ ತವರಿಗೆ ಬರಲು ಎಲ್ಲ ದಿನಗಳೂ ಇವೆ, ಹೋಗಲು ಒಂದೂ ಇಲ್ಲ. ಅದನ್ನು ಬರೆದವರು ಹೆಣ್ಣು ಹೆತ್ತವರೇ ಇರಬೇಕು.

ಪ್ರಾಜಕ್ತಾ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. “ನಾ ಹೋಗಬೇಕೇನ್ರಿ ಅಪ್ಪಾ?”

“ಇವತ್ತಿಲ್ಲ ನಾಳೆ ಹೋಗೂದ ಅಲ್ಲವಾ?”

“ಹೂಂ” ಎಂದಳು. ಅಷ್ಟೇ. ಮದುವೆಗೆ ಮೊದಲು ಈ ಹುಡುಗಿಯ ಬಾಯಿಗೆ ಬೀಗ ಹಾಕಿಸಬೇಕು ಎಂದು ನಾನೇ ಅನ್ನುತ್ತಿದ್ದೆ. ಈಗ ಯಾರೋ ಹಾಕಿಸಿದಂತಿದೆ. ಸಿನಿಮಾದ ಬಗ್ಗೆಯೂ ಬಾಯಿ ಬಿಡುವುದಿಲ್ಲ. ಪ್ರತಿಭಟಿಸಿದರೆ ಸಾಲದು, ಕಾರಣವನ್ನೂ ಹೇಳಬೇಕಲ್ಲ!

ಏಪ್ರಿಲ್ 21, ಸೋಮವಾರ

ಕರಜಗಿಯ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಹಾಕಿದ್ದೆ: ಕಾಶವ್ವ ಕೊನೆಗೆ ಏನಾದಳು? ಒಬ್ಬರೂ ತಪ್ಪಿಲ್ಲ. ಮಜ್ಜಿಗೆ ಕುಡಿದು ಮಲಗಿದಳು, ಮಜ್ಜಿಗೆ ಕುಡಿದು ಮಲಗಿದಳು. ಮಂದ್ರೂಪದವರೂ ಅದನ್ನೇ ಹೇಳಿದರು, ಭಂಡಾರಕವಠೆಯವರೂ. ಒಬ್ಬ ಮುದುಕಿ ಮೊಮ್ಮಗನ ಫೋನಿನಲ್ಲಿ ಧ್ವನಿ ಕಳಿಸಿದ್ದಾಳೆ: “ಆಕಿ ಮಲಗಿದ್ದ ನೋಡಿ ನನಗೂ ಅವತ್ತ ಚಲೋ ನಿದ್ದಿ ಬಂತಪಾ.” ಇದು ವಿಮರ್ಶೆ! ನಕ್ಷತ್ರವಂತೆ, ನಕ್ಷತ್ರ.

ಮೂಲ ಚಿತ್ರವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಕೊಡುತ್ತೇನೆ ಎಂದ ಸೋಮೇಶ. ಸಾಕ್ಷಿ ಬರಲಿ ಎಂದೆ.

“ಹುಡಕಬ್ಯಾಡ್ರಿ” ಎಂದಳು ಸುಮಿತ್ರಾ. “ಕೆಲವು ಪಿಕ್ಚರ್ ನೆನಪಿನ್ಯಾಗ ಇದ್ರನ ಚಲೋ.”

ಸ್ವಂತ ತಂದೆಯ ತಂಬುವಿನ ಮೇಲೆ ಈಕೆಗೆ ಇಷ್ಟೇ ಅಭಿಮಾನ. ಕಲ್ಲಣ್ಣನವರು ಇದ್ದಿದ್ದರೆ ನೊಂದುಕೊಳ್ಳುತ್ತಿದ್ದರು.

ಏಪ್ರಿಲ್ 24, ಗುರುವಾರ

ಪಂಚಾಂಗಕ್ಕೆ ಸೋಲು! ಧರೆಪ್ಪನವರು ಜಾಣರು. “ಅಕ್ಷಯ ತದಿಗಿ ದಿನ ನಾವ ಗಾಡಿ ತಗೊಂಡು ಬರ್ತೀವ್ರಿ. ಆ ದಿನ ಪಂಚಾಂಗ ನೋಡೂದ ಬ್ಯಾಡ” ಎಂದರು. ನಿಜವೇ. ಅಕ್ಷಯ ತದಿಗೆಗೆ ರಾಹುವೂ ಇಲ್ಲ, ಕೇತುವೂ ಇಲ್ಲ. ಈ ಸುದ್ದಿಯನ್ನು ನಾನು ಸ್ವಲ್ಪ ಗರ್ವದಿಂದಲೇ ಅಡುಗೆಮನೆಗೆ ಒಯ್ದೆ.

ಸುಮಿತ್ರಾಳ ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಇಷ್ಟು ವರ್ಷದಲ್ಲಿ ಅವಳು ರೊಟ್ಟಿ ಸೀಯಿಸಿದ್ದನ್ನು ನಾನು ಕಂಡಿಲ್ಲ.

ಏಪ್ರಿಲ್ 27, ರವಿವಾರ, ಅಮಾವಾಸ್ಯೆ

ಸೋಮೇಶನಿಗೆ ಮೂಲ ಸಿಕ್ಕಿತು. ಪ್ರಿಂಟು ಮಳೆಗೆ ಮಾಳಿಗೆ ಸೋರಿದಂತಿತ್ತು, ಆದರೆ ಪೂರ್ತಿ ಚಿತ್ರ. ಮಧ್ಯಾಹ್ನ ಊಟವಾದ ಮೇಲೆ ಟಿವಿಗೆ ಜೋಡಿಸಿದ. ಅಮಾವಾಸ್ಯೆಯ ದಿನ ದೆವ್ವ ಬೇಡ ಎಂದು ಸುಮಿತ್ರಾ ಅಂದಳು. ಇದು ದೆವ್ವವಲ್ಲ, ಕಲೆ ಎಂದೆ. ಪ್ರಾಜಕ್ತಾ ಬೆಳಿಗ್ಗೆಯಿಂದ ಅವ್ವನ ಸೀರೆಯಂಚು ಬಿಡದೆ ಅಡ್ಡಾಡುತ್ತಿದ್ದವಳು ಅವಳ ಬೆನ್ನಿಗೇ ಕುಳಿತಳು.

ಬಳೆ ಸದ್ದಾಯಿತು. ನನಗೆ ಈಗಲೂ ಮೈ ಜುಮ್ಮೆಂದಿತು. ಸೋಮೇಶ, “ದೆವ್ವ ಹಿಟ್ಟಿನ ಡಬ್ಬಿಯೊಳಗ ಬಿದ್ದೈತೇನ್ರಿ ಅಪ್ಪಾ?” ಎಂದ, ನಾನು ಉತ್ತರಿಸುವ ಮಟ್ಟಕ್ಕೆ ಇಳಿಯಲಿಲ್ಲ. ಕಾಶವ್ವ ಮರ ಇಳಿದಳು. ಬದುವಿನ ಮೇಲೆ ನಡೆದಳು. ಮಜ್ಜಿಗೆ, ತಂಬಿಗೆಯಲ್ಲಿ! ಕೌದಿ. ಮಲಗಿದಳು.

“ನೋಡ್ರಿ!” ಎಂದು ಎದ್ದು ನಿಂತೆ. “ಮುಗೀತು! ಎಲ್ಲಿ ಅದಾನ ನಿಮ್ಮ ಮಂತ್ರವಾದಿ?”

“ಅಪ್ಪಾ, ಇನ್ನೂ ಐತ್ರಿ” ಎಂದ ಸೋಮೇಶ. “ಕೆಳಗಿನ ಗೆರಿ ಮುಗದಿಲ್ಲ.”

ಬಾಗಿಲು ಬಡಿದ ಸದ್ದು. ಗಂಡ ಬಂದ. ಅವನ ಹಿಂದೆ ಮಂತ್ರವಾದಿ, ಕೈಯಲ್ಲಿ ಬೇವಿನ ಟೊಂಗೆ. ರಿಮೇಕಿನವರು ಒಂದು ಏಟನ್ನೂ ಹೆಚ್ಚಿಗೆ ಸೇರಿಸಿರಲಿಲ್ಲ. ನಾಲ್ಕು ಕಡಿಮೆಯೇ ಮಾಡಿದ್ದರು. ನಾನು ನಿಂತೇ ಇದ್ದೆ. ಪ್ರಾಜಕ್ತಾ ಎದ್ದು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಸುಮಿತ್ರಾ ಟಿವಿಯ ವಾಯರನ್ನೇ ಕಿತ್ತಳು.

“ನಮ್ಮಪ್ಪ ಅದನ್ನ ತೋರಸ್ತಿರಲಿಲ್ರಿ” ಎಂದಳು.

ಅಡುಗೆಮನೆಯಲ್ಲಿ ನಿಂತು ಹೇಳಿದಳು, ನನ್ನ ಕಡೆ ನೋಡದೆ. ಕರಜಗಿಯಲ್ಲಿ ಹಣಮವ್ವ ಅಂತ ಒಬ್ಬಳಿದ್ದಳು. ಹೊಸ ಸೊಸೆ. ಸುಮ್ಮನೆ ಕೂರುತ್ತಿದ್ದಳು, ಮಾತು ಕಡಿಮೆ. ಮೊದಲ ದಿನದ ಆಟವನ್ನು ಪೂರ್ತಿ ನೋಡಿ ಬಂದ ಅವಳ ಗಂಡ ಮರುದಿನವೇ ತೆರೆಯ ಮೇಲೆ ಕಂಡಂತೆ ಮಾಡಿದ. ಕೂದಲು, ಬೇವು, ಎಲ್ಲ.

“ಅಪ್ಪ ಹೋಗಿ ಬಿಡಿಸಿಕೊಂಡು ಬಂದ. ಬಂದವ್ನ ಕೊನೀ ರೀಲ್ ತಗದು ಟ್ರಂಕಿನ್ಯಾಗ ಹಾಕಿ ಕೀಲಿ ಹಾಕಿದ. ‘ನನ್ನ ತಂಬುನಾಗ ಕಾಶವ್ವ ಮಲಗಿದ್ಲು ಅಂದ್ರ ಮಲಗಿದ್ಲು’ ಅಂದ. ಗಾಜಿಗೆ ದೀಪದ ಮಸಿ ಹಿಡದು, ಸೂಜೀಲೆ ಗೀರಿ ‘ಶುಭಂ’ ಅಂತ ಬರದಾಕಿ ನಾನ. ಅದನ್ನ ತೋರಿಸಿ ದೀಪ ಹಚ್ಚತಿದ್ವಿ.”

ನನಗೆ ಬಂದ ಸಿಟ್ಟನ್ನು ಬರೆಯಲಾರೆ. “ಇಷ್ಟ ವರ್ಷ ನನಗ ಯಾಕ ಹೇಳಲಿಲ್ಲ?”

“ನೀವು ಅದನ್ನ ಅಷ್ಟ ಪ್ರೀತಿಲೆ ಹೇಳ್ತಿದ್ರಿ. ಬಂದ ಮಗಳನ್ನ ಏನೂ ಕೇಳಲಿಲ್ಲ ನೋಡು ಆಕಿ ಅವ್ವ ಅಂತ. ಇಂಥಾ ಮನಶ್ಯಾ ಅಂತನ ನಾ ನಿಮ್ಮನ್ನ ಲಗ್ನಾ ಆಗಿದ್ದೆ.”

ಮತ್ತೆ ಅವಳೇ ಮುಂದುವರಿಸಿದಳು.

“ನಿಮ್ಮ ಮಗಳಿಗೂ ಕೊನೀ ರೀಲ್ ತೋರಸ್ಯಾರ್ರಿ.”

ಏಪ್ರಿಲ್ 28, ಸೋಮವಾರ

ಹೋದ ಅಮಾವಾಸ್ಯೆಗೆ. ಯುಗಾದಿಯ ಹಿಂದಿನ ದಿನ. ಸೊಸೆ ನಗುವುದಿಲ್ಲ, ದೆವ್ವದ ಬಾಧೆ ಇದೆ ಎಂದು ಯಾವುದೋ ಹೊಲದ ಗುಡಿಸಲಿಗೆ ಒಯ್ದರಂತೆ. ಯುಗಾದಿಯ ಎಣ್ಣೆ ಹಚ್ಚುವಾಗ ಸುಮಿತ್ರಾ ಬೆನ್ನು ನೋಡಿದ್ದಾಳೆ. ಅಪ್ಪನಿಗೆ ಹೇಳಬೇಡ, ಅವರಿಗೆ ಮಂದಿಯ ಚಿಂತೆ ಎಂದಳಂತೆ ಮಗಳು.

ಮೈಲಾರಲಿಂಗನಿಗೆ ಫೋನು ಮಾಡಿ, ನೀವು ನೋಡಿದ್ದೇ ಖರೆ ಎಂದೆ. ಕೆಟ್ಟ ಚಿತ್ರ ಎಂದೂ ಹೇಳಿದೆ.

ಏಪ್ರಿಲ್ 29, ಮಂಗಳವಾರ

ಅಂಗಡಿ ತೆರೆಯಲಿಲ್ಲ.

ಅಂಗಳದ ಬೇವಿನ ಗಿಡ ಬಾಗಿಲಿನ ಮೇಲೆ ಬಾಗಿತ್ತು. ಆ ಟೊಂಗೆ ಕಡಿಸಿದೆ. ನೆರಳು ಹೋಯಿತಲ್ಲ ಎಂದು ಪಕ್ಕದ ಮನೆಯವರು ಕೇಳಿದರು. ಬಿಸಿಲು ಬೇಕಾಗಿತ್ತು ಎಂದೆ. ಏಪ್ರಿಲ್ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಬಿಸಿಲು ಬೇಕೆಂದವನನ್ನು ಅವರು ಹೇಗೆ ನೋಡಬೇಕೋ ಹಾಗೆಯೇ ನೋಡಿದರು.

ಏಪ್ರಿಲ್ 30, ಬುಧವಾರ, ಅಕ್ಷಯ ತದಿಗೆ

ಹೇಳಿದಂತೆ ಗಾಡಿ ಬಂತು. ಧರೆಪ್ಪನವರು, ಅಳಿಯ ಉದಯಕುಮಾರ. ಸೋಮೇಶ ನೀರು ಕೊಟ್ಟ. ಸುಮಿತ್ರಾ ಚಹಾ ಕಳಿಸಿದಳು. ಬಂದವರಿಗೆ ಕೊಡುವುದನ್ನು ಕೊಟ್ಟೆವು.

“ಸೊಸಿ ತಯಾರ ಅದಾಳಲ್ರಿ? ಊಟದ ಹೊತ್ತಿಗೆ ಮನಿ ಮುಟ್ಟಬೇಕು” ಎಂದರು ಧರೆಪ್ಪನವರು.

ಏನು ಹೇಳಬೇಕೆಂದು ಬೆಳಗಿನಿಂದ ಜೋಡಿಸಿಟ್ಟಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಹದಿನೈದು ದಿನದಿಂದ ರೂಢಿಯಾದ ಪ್ರಶ್ನೆ. “ಕಾಶೀ ರಿಟರ್ನ್ಸ್ ನೋಡೀರೇನ್ರಿ?”

ಉದಯಕುಮಾರನ ಮುಖ ಅರಳಿತು. ಇಂಥ ದಿನ ಮಾವ ಸಿನಿಮಾ ಮಾತಾಡುತ್ತಾನೆ ಎಂದರೆ ಎಲ್ಲ ಸುಸೂತ್ರ ಎಂದುಕೊಂಡಿರಬೇಕು. “ನೋಡೇನ್ರಿ ಮಾಮಾ! ಮಸ್ತ್ ಮಾಡ್ಯಾರ. ಅದ್ರಾಗ ಎಂಡಿಂಗ್ ಅಂತೂ ಏಕದಮ್ ಬರೋಬ್ಬರಿ. ದೆವ್ವ ಹೋತು, ಮನಿ ಶಾಂತ ಆತು.”

ಈ ತಿಂಗಳು ನಾನು ಬಹಳ ಪ್ರೇಕ್ಷಕರ ಅಭಿಪ್ರಾಯ ಕೇಳಿದ್ದೇನೆ. ಇಂಥದ್ದನ್ನು ಕೇಳಿರಲಿಲ್ಲ.

“ಬೇವಿನ ಟೊಂಗಿ ಎಲ್ಲಿಂದ ತಂದಿದ್ರಪಾ?” ಎಂದೆ.

“ಪಿಕ್ಚರನಾಗಾ?”

“ಹೊಲದ ಗುಡಸಲದಾಗ.”

ಅಳಿಯ ಅಪ್ಪನ ಮುಖ ನೋಡಿದ. ಧರೆಪ್ಪನವರು ಚಹಾದ ಬಸಿ ಕೆಳಗಿಟ್ಟರು. “ಹುಡುಗಿ ಒಳ್ಳೇದಕ್ಕ ಮಾಡಿದ್ದ್ರಿ ಸಾವಕಾರ್ರ. ಬಾಧಾ ಇತ್ತು ಆಕಿಗೆ. ಒಂದ ದಿನಾ ನಗತಿರಲಿಲ್ಲ.”

“ನಿಮ್ಮ ಮನ್ಯಾಗ ನಗೂವಂಥಾದ್ದು ಏನ ಆಗಿತ್ರಿ, ಅದನ್ನರೆ ಹೇಳ್ರಿ?”

“ಹಂಗ ಅನಬ್ಯಾಡ್ರಿ. ದೊಡ್ಡ ಮಾತ ಆಗತೈತಿ. ಮಂದಿ ಏನಂತಾರ?”

“ಮಂದಿ ಅಭಿಪ್ರಾಯ ನಾ ಎಲ್ಲಾ ಕೇಳಿ ಬಂದೀನ್ರಿ ಬೀಗ್ರ. ಒಂದೂ ಉಪಯೋಗದ್ದಲ್ಲ.”

ಬಾಗಿಲಲ್ಲಿ ನಿಂತಿದ್ದ ಸೋಮೇಶ, “ಕಾಕಾ, ಇದಕ್ಕ ಕಾಯ್ದೆ ಐತ್ರಿ ಮಹಾರಾಷ್ಟ್ರದಾಗ. ಅಪ್ಪಾರು ಇನ್ನೂ ಪಿಕ್ಚರ್ ಬಗ್ಗೆ ಮಾತಾಡಾಕತ್ಯಾರ ಅನ್ನೂದು ನಿಮ್ಮ ಪುಣ್ಯಾ” ಎಂದ. ಈ ಮಗ ನಾಲ್ಕು ನಕ್ಷತ್ರ ಕೊಟ್ಟದ್ದನ್ನು ಇವತ್ತು ಕ್ಷಮಿಸಿದ್ದೇನೆ.

ಧರೆಪ್ಪನವರು ಎದ್ದು ನಿಂತರು. ಕೊನೆಯ ಅಸ್ತ್ರ ತೆಗೆದರು. “ಅಕ್ಷಯ ತದಿಗಿ ಐತಿ. ಇಂಥಾ ಚಲೋ ದಿನಾ ಬಂದವರನ್ನ ಹಂಗ ಕಳಸ್ತೀರಿ?”

ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ರಾಹು ಇಲ್ಲ, ಕೇತು ಇಲ್ಲ, ಉಪವಾಸ ಇಲ್ಲ, ಅಷ್ಟಮಿ ಇಲ್ಲ. ಸುಮಿತ್ರಾ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ತಂಬುವಿನ ಬಾಗಿಲಲ್ಲಿ ನಿಂತು ನೋಡಿದ ಹಾಗೆ, ಇವನು ಈ ಸಲವೂ ಅರ್ಧಕ್ಕೆ ಎದ್ದು ಓಡುತ್ತಾನೋ ಎಂದು.

“ದಿನಾ ಚಲೋ ಐತ್ರಿ” ಎಂದೆ. “ಮನಿ ಚಲೋ ಇಲ್ಲ.”

“ಅಂದ್ರ?”

“ಅಂದ್ರ ಹುಡುಗಿ ಮಲಗ್ಯಾಳ್ರಿ. ಎಬ್ಬಸೂದಿಲ್ಲ. ಮುಗೀತು.”

ಉದಯಕುಮಾರ ಮಾಮಾ, ಮಾಮಾ ಎನ್ನುತ್ತ ಒಳಗಿನ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಸುಮಿತ್ರಾ ತಂಬಿಗೆ ಹಿಡಿದು ಅವನ ಮುಂದಿನಿಂದಲೇ ನಡೆದು ಮಗಳ ಕೋಣೆಗೆ ಹೋದಳು. ಅಗಳಿ ತೆಗೆದ ಸದ್ದಾಯಿತು. ಅವಳು ಒಳಗೆ ಹೋದಳು. ಅಗಳಿ ಹಾಕಿದ ಸದ್ದಾಯಿತು. ಅವನು ನಿಂತಲ್ಲಿಯೇ ನಿಂತ.

ಗಾಡಿ ಹೋದ ಮೇಲೆ ಗಲ್ಲಿಯವರು ಒಬ್ಬೊಬ್ಬರಾಗಿ ಬಂದು ಏನಾಯಿತು ಎಂದು ಕೇಳಿದರು. ಸಿನಿಮಾದ ಬಗ್ಗೆ ಭಿನ್ನಾಭಿಪ್ರಾಯ ಬಂತು ಎಂದೆ.

ಮೇ 4, ರವಿವಾರ

ಹೊಸ ಅನ್ಯಾಯ.

ಮಧ್ಯಾಹ್ನ ಅವ್ವ-ಮಗಳು ಅಡುಗೆಮನೆಯಲ್ಲಿ ಕುಳಿತು ಒಂದು ತುಂಡು ಗಾಜಿಗೆ ದೀಪದ ಮಸಿ ಹಿಡಿಯುತ್ತಿದ್ದರು. ಸುಮಿತ್ರಾ ಸೂಜಿಯಿಂದ ಹೇಗೆ ಬರೆಯುವುದೆಂದು ತೋರಿಸುತ್ತಿದ್ದಳು. ಪ್ರಾಜಕ್ತಾ ಕನ್ನಡ ಬಾರದ ಕೈಯಲ್ಲಿ ಗೀರುತ್ತಿದ್ದಳು. ‘ಶು’ ಬರೆದರೆ ಅದು ಬಾಲ ಎತ್ತಿದ ಹೋರಿಯಂತೆ ಕಂಡಿತು. ನಾನು ಹಾಗೆಂದೆ. ಮೂಗಿನ ಮೇಲೆ ಮಸಿ ಮಾಡಿಕೊಂಡು ನಕ್ಕಳು. ಗಟ್ಟಿಯಾಗಿಯೇ ನಕ್ಕಳು; ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು.

ಇದೇ ಸಮಯವೆಂದು ಕೇಳಿದೆ. “ಎಲ್ಲಾರೂ ಹೇಳ್ಯಾರ. ನೀ ಒಬ್ಬಾಕಿ ಹೇಳಿಲ್ಲ. ಹೇಳವಾ, ಮೂಲ ಚಲೋನೋ ರಿಮೇಕ್ ಚಲೋನೋ?”

“ಸಿಟ್ಟ ಮಾಡಬ್ಯಾಡ್ರಿ ಮತ್ತ.”

“ಇಲ್ಲ.”

“ಅಜ್ಜನ ಪಿಕ್ಚರ್ ಎಲ್ಲಾದಕಿಂತ ಚಲೋ.” ನನ್ನ ಎದೆ ಉಬ್ಬಿತು. “ಆದ್ರ ಅಪ್ಪಾ, ಖರೇ ಹೇಳಬೇಕಂದ್ರ, ದೆವ್ವ ಮಾತ್ರ ರಿಮೇಕಿನಾಗಿಂದ ಭಾರಿ. ಗ್ವಾಡಿ ಹೆಂಗ ಹತ್ತತಾಳ ನೋಡ್ರಿ! ನಿಮ್ಮ ಹಳೇ ಕಾಶವ್ವ ಬರೀ ಬಳಿ ಬಾರಿಸಿಕೋತ ಅಡ್ಡಾಡತಾಳ, ಬಳಿ ಮಾರಾಕ ಬಂದಂಗ.”

ಬಳೆ ಮಾರಲು! ನಾನು ಯೌವನದಲ್ಲಿ ಯಾವ ಸದ್ದಿಗೆ ಮಾನ ಬಿಟ್ಟು ಓಡಿದ್ದೆನೋ ಅದಕ್ಕೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೀಗೆನ್ನುವುದೇ? ಕಟ್ಟಿಕೊಂಡವಳು ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. ಅದೂ ಅಂದು ನಕ್ಕಂತೆಯೇ. ಒಂದು ಗಂಟೆ ವಾದ ಮಾಡಿದೆ. ಬಗ್ಗಲಿಲ್ಲ. ಒಂದು ಮಾತಿಗೆ ಹತ್ತು ಮಾತು. ಆ ಬಾಯಿಗೆ ಬೀಗ ಹಾಕಿಸುವವರು ಇನ್ನೂ ಹುಟ್ಟಿಲ್ಲ.

ಹುಡುಗಿಯ ಅಭಿರುಚಿ ಪೂರ್ತಿ ಕೆಟ್ಟಿದೆ. ವಾರ-ಹದಿನೈದು ದಿನದಲ್ಲಿ ತಿದ್ದುವ ಕೆಲಸವಲ್ಲ ಇದು. ವರ್ಷಗಳೇ ಬೇಕು. ಇಲ್ಲಿಯೇ ಇರಬೇಕಾಗುತ್ತದೆ.